ಕೋಚ್ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು

ಮೊನ್ನೆ ಬರ್ಲಿನ್ನಿನ ನಮ್ಮ ಮನೆಯ ಕೆಲ್ಲರ್ ಖಾಲಿ ಮಾಡುವಾಗ, ನೆಲಮಾಳಿಗೆಯ ಆ ಧೂಳಿನಲ್ಲಿ, ಹಳೆಯ ಚೀಲದಿಂದ ರಬ್ಬರಿನ ತುಂಡೊಂದು ಉರುಳಿ ಬಿತ್ತು. ಆಟದಲ್ಲಿ ಹಲ್ಲು ಉಳಿಯಲೆಂದು ಬಾಯಲ್ಲಿ ಕಚ್ಚಿಕೊಳ್ಳುವ ಗಾರ್ಡ್. "ಛೀ, ಬಿಸಾಕ್ರೀ ಅದನ್ನ" ಅಂದಳು ಹೆಂಡತಿ. ಬಿಸಾಕಿದೆ. ಆದರೆ ಕೋಚ್ ನೆನಪಾದರು...

ಸಾಫ್ಟ್‌ವೇರಿನವರಿಗೆ ಜರ್ಮನಿಯೂ ಗ್ರೀನ್ ಕಾರ್ಡ್ ಕೊಡುತ್ತದೆಂದು ಆಗ ಬೆಂಗಳೂರಿನಿಂದ ಇಲ್ಲಿಗೆ ಬಂದವರಲ್ಲಿ ನಾನೂ ಒಬ್ಬ. ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಆಫೀಸು, ಅಲ್ಲೇ ಹತ್ತಿರ ರೂಮು. ಕೆಳಗಿನ ಮನೆಯಲ್ಲಿ ಕೋಚ್. ಹಗಲು ಶಾಲೆಯ ಪಿ.ಟಿ. ಮೇಷ್ಟ್ರು, ಸಂಜೆ ಕ್ಲಬ್ಬಿನಲ್ಲಿ ಅಮೆರಿಕನ್ ಫುಟ್‌ಬಾಲ್ ಕಲಿಸುವವರು. ಒಂದು ಭಾನುವಾರ ನಾನೂ ರೂಮ್‌ಮೇಟೂ ಅಂಗಳದಲ್ಲಿ ಕ್ರಿಕೆಟ್ ಚೆಂಡು ಎಸೆದಾಡುತ್ತಿದ್ದೆವು. ಬೌಂಡರಿಯಿಂದ ನೇರ ಕೀಪರ್ ಕೈಗೆ ಎಸೆಯುವುದು ಕಾಲೇಜಿನಿಂದಲೂ ನನಗೆ ಸಲೀಸು. ಅವರು ಕಿಟಕಿಯಿಂದ ನೋಡಿದರು. ಮರುದಿನವೇ ನನ್ನನ್ನು ಮೈದಾನಕ್ಕೆ ಎಳೆದುಕೊಂಡು ಹೋದರು.

ಆ ಆಟದಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಯಾರು ಎತ್ತ ಓಡಬೇಕೆಂದು ಹೇಳುವವನೂ ಅವನೇ. ಆ ಜಾಗಕ್ಕೆ ನಾವಿಬ್ಬರು: ನಾನು, ಮತ್ತು ಆ ಊರಿನವನೇ ಆದ ಒಬ್ಬ ಎಲೆಕ್ಟ್ರಿಷಿಯನ್. ಅವನ ಎಸೆತವೋ, ದೇವರಿಗೇ ಪ್ರೀತಿ!

ಅಷ್ಟರಲ್ಲಿ ನಮ್ಮ ಆಫೀಸಿನಲ್ಲಿ ಜನರನ್ನು ತೆಗೆಯಲು ಶುರು ಮಾಡಿದರು. ನನಗೆ ಹೇಗೋ ಬರ್ಲಿನ್ನಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮೊದಲು ಉಳಿದದ್ದು ಸೀಸನ್ನಿನ ಮೊದಲ ಪಂದ್ಯ ಒಂದೇ. ಅದರಲ್ಲಿ ನಾನೇ ಇಳಿಯಬೇಕು. ಆಸೆಯೆಂದರೆ ಆಸೆ, ಅನ್ನ ಕಲಸುವಾಗಲೂ ಅದೇ ಧ್ಯಾನ. ಹುಬ್ಬಳ್ಳಿಯ ರೂಮ್‌ಮೇಟ್ ಧೈರ್ಯ ಹೇಳುತ್ತಿದ್ದ: "ಚಿಂತಿ ಬಿಡಲೇ ಮಗಾ. ನೀ ಊರು ಬಿಡಾವ ಅಂತ ಅವರಿಗೆ ಗೊತ್ತೈತಿ. ನಿನಗ ಕೊಡ್ತಾರ."

ಪ್ರಾಕ್ಟೀಸಿನಲ್ಲಿ ಕೋಚ್ ನಮ್ಮ ಎಸೆತವನ್ನೇ ನೋಡುತ್ತಿರಲಿಲ್ಲ. ಎಸೆಯುವವನಿಗೆ ಬೆನ್ನು ಹಾಕಿ, ಉಳಿದವರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಇಷ್ಟು ಚೆನ್ನಾಗಿ ಎಸೆಯುತ್ತಿದ್ದೇನೆ, ತಿರುಗಿ ನೋಡಬಾರದೇ ಮಹಾರಾಯ?

ಪಂದ್ಯದ ಹಿಂದಿನ ಸಂಜೆ ನನ್ನೊಬ್ಬನನ್ನೇ ಕರೆದುಕೊಂಡು ಮೈದಾನ ಸುತ್ತು ಹಾಕಿದರು. ನಿಧಾನವಾಗಿ, ನನಗೆ ಅರ್ಥವಾಗುವ ಜರ್ಮನ್‌ನಲ್ಲಿ ಹೇಳಿದರು: "ನಾಳೆ ಎಲೆಕ್ಟ್ರಿಷಿಯನ್ ಆಡುತ್ತಾನೆ. ಎಸೆತ ನಿನ್ನದೇ ಚೆನ್ನ. ಆದರೆ ನೀನು ಆಟ ಹೇಳಿ, ಆಮೇಲೆ ಪೋಸ್ಟ್‌ಮ್ಯಾನ್ ಮುಖ ನೋಡುತ್ತೀಯ. ನೀನು ನೋಡಿದೆಯೆಂದು ಎಲ್ಲರೂ ಅವನನ್ನೇ ನೋಡುತ್ತಾರೆ. ಅವನು ಹೇಳುವುದನ್ನು ಕಾಯುತ್ತಾರೆ."

ಪೋಸ್ಟ್‌ಮ್ಯಾನ್ ಎಂದರೆ ನಮ್ಮ ಮುಂದಿನ ಸಾಲಿನ ಹಿರಿಯ ಆಟಗಾರ, ನನ್ನ ಚಿಕ್ಕಪ್ಪನ ವಯಸ್ಸು. ಪ್ರತಿ ಸಲ ಅವರನ್ನು "ಆಗಬಹುದಾ?" ಎಂದು ಕೇಳುತ್ತಿದ್ದದ್ದು ನಿಜ. ನಮ್ಮ ಮನೆಯಲ್ಲಿ, ನಮ್ಮ ಕ್ರಿಕೆಟ್ ಟೀಮಿನಲ್ಲಿ, ದೊಡ್ಡವರು ಎದುರಿಗಿದ್ದಾಗ ಚಿಕ್ಕವರು ಹೀಗೆ ಮಾಡಿ ಎಂದು ಆಜ್ಞೆ ಕೊಟ್ಟದ್ದುಂಟೇ? ಅದು ಮರ್ಯಾದೆ ಅಂದುಕೊಂಡಿದ್ದೆ.

"ಕೋಚ್, ನನಗಿರೋದು ಇದೊಂದೇ ಪಂದ್ಯ" ಅಂದೆ.

"ಗೊತ್ತು. ಅದಕ್ಕೇ ನನಗೆ ನಿದ್ದೆ ಬಂದಿಲ್ಲ. ಬೀಳ್ಕೊಡುವಾಗ ಬೇರೇನಾದರೂ ಕೇಳು, ಕೊಡುತ್ತೇನೆ. ಇದನ್ನಲ್ಲ."

ಪಂದ್ಯ ಸೋತೆವು. ಕೊನೆಯಲ್ಲಿ ಎಲೆಕ್ಟ್ರಿಷಿಯನ್ ಎಸೆದ ಚೆಂಡು ಓಡುತ್ತಿದ್ದವನ ಹಿಂದೆಯೇ ಬಿತ್ತು. ನಾನು ಬೆಂಚಿನ ಮೇಲಿದ್ದೆ. ಕೋಚ್ ಬಂದು ಪಕ್ಕದಲ್ಲಿ ಕೂತರು. "ನೀನಾಗಿದ್ದರೆ ಅದನ್ನು ಮುಟ್ಟಿಸುತ್ತಿದ್ದೆ" ಅಂದರು. ಏಳುತ್ತಾ, "ನಾಳೆ ಮತ್ತೆ ಆಡಿಸಿದರೂ ಅವನನ್ನೇ ಇಳಿಸುತ್ತೇನೆ" ಅಂದರು. ಸುಳ್ಳು ಸಮಾಧಾನ ಹೇಳುವ ಜಾಯಮಾನ ಅವರದಲ್ಲ. ಆ ಬೇಸಿಗೆ ನಾನು ಬರ್ಲಿನ್‌ಗೆ ಬಂದೆ, ಆಟ ಅಲ್ಲಿಗೇ ನಿಂತಿತು...

ಕಳೆದ ಚಳಿಗಾಲದಲ್ಲಿ ಎಲೆಕ್ಟ್ರಿಷಿಯನ್ ಫೋನ್ ಮಾಡಿದ. ಈಗ ಆ ಕ್ಲಬ್ಬಿಗೆ ಅವನೇ ಕೋಚ್. ನಮ್ಮ ಹಳೆಯ ಕೋಚ್ ಹೋಗಿಬಿಟ್ಟರು ಅಂದ. ಫೋನ್ ಇಟ್ಟ ಮೇಲೆ ಅತ್ತೆ, ಸಿಟ್ಟಿನಿಂದಲೇ ಅತ್ತೆ. ಇಷ್ಟು ವರ್ಷ ತಲೆಯೊಳಗೆ ಅವರ ಜೊತೆ ವಾದ ಮಾಡುತ್ತಲೇ ಇದ್ದೇನೆ. ಒಮ್ಮೆ ಹೋಗಿ, ಎದುರಿಗೆ ಕೂತು, ಜಗಳ ಆಡಿಯೇ ಬರಬೇಕೆಂದುಕೊಂಡಿದ್ದೆ. ಆ ಪಂದ್ಯ ನಾನೇ ಆಡಬೇಕಿತ್ತು. ಇಲ್ಲ ಅನ್ನುವುದಕ್ಕೆ ಈಗ ಅವರಿಲ್ಲ.