ಹಬ್ಬಕ್ಕೆ ಕೊಟ್ಟ ಫ್ಲಾಸ್ಕು

ಆಗೆಲ್ಲ ಪೀಣ್ಯದ ನಮ್ಮ ವಠಾರಕ್ಕೆ ಹಬ್ಬ ಬರುತ್ತಿದ್ದದ್ದು ಕಾರ್ಖಾನೆಯ ಗೇಟಿನಿಂದ. ಆಯುಧ ಪೂಜೆಯ ದಿನ ಅಪ್ಪಂದಿರೆಲ್ಲ ಒಂದು ಕೈಯಲ್ಲಿ ಕಡಲೆಪುರಿ, ಇನ್ನೊಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಒಂದು ವರ್ಷ ಹಾಟ್‌ಬಾಕ್ಸು, ಒಂದು ವರ್ಷ ಬಕೆಟ್ಟು, ಇನ್ನೊಂದು ವರ್ಷ ಹೊದೆಯುವ ರಗ್ಗು. ಮಕ್ಕಳಿಗೆ ಬೇಕಾದದ್ದು ಒಂದು ಸಲವಾದರೂ ಬಂದಿದ್ದರೆ ಕೇಳಿ! ಆ ಕಾರ್ಖಾನೆಯ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂದದ್ದು ಫ್ಲಾಸ್ಕು. ಅಮ್ಮ ಪೆಟ್ಟಿಗೆ ಬಿಚ್ಚಲೂ ಇಲ್ಲ, ನೇರ ಬೀರುವಿನ ಮೇಲಿಟ್ಟಳು.

"ಇದು ರತ್ನತ್ತೆಗೆ. ದೀಪಾವಳಿಗೆ ಹೋದಾಗ ಕೊಡೋದು. ಮುಟ್ಟಿದ್ರೆ ನೋಡು!"

ರತ್ನತ್ತೆ ಅಪ್ಪನ ಒಬ್ಬಳೇ ತಂಗಿ, ವರ್ತೂರಿಗೆ ಮದುವೆಯಾಗಿ ಹೋಗಿದ್ದಳು. ಎರಡನೇ ಮಗುವಿಗೆ ಆಗಷ್ಟೇ ಎರಡು ತಿಂಗಳು. ಮಗುವಿಗೆಂದು ಅವಳು ಮತ್ತೆ ಮತ್ತೆ ನೀರು ಕಾಯಿಸಿದರೆ, ಗ್ಯಾಸ್ ಮುಗಿಯುತ್ತದೆ ಎಂದು ಅವಳ ಅತ್ತೆ ಗೊಣಗುತ್ತಿದ್ದರು. ಅವರನ್ನು ನಾನು ವರ್ತೂರಜ್ಜಿ ಎನ್ನುತ್ತಿದ್ದೆ. "ಅಣ್ಣಾ, ಒಂದು ಫ್ಲಾಸ್ಕ್ ಇದ್ದಿದ್ರೆ ಸಾಕಿತ್ತು ನೋಡು" ಎಂದು ಅತ್ತೆ ಫೋನಿನಲ್ಲಿ ಅಂದಿದ್ದಳು. ಕಾರ್ಖಾನೆ ಅದನ್ನೇ ಕೊಟ್ಟಾಗ ಅಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ತಣ್ಣಗಿದ್ದದ್ದನ್ನೂ ಅದು ತಣ್ಣಗೇ ಇಡುತ್ತದೆ ಎಂದು ಅಪ್ಪನೇ ಹೇಳಿದ್ದು. ಒಂದು ಮಧ್ಯಾಹ್ನ ಸ್ಕೂಲಿಂದ ಬಂದವಳು, ಅರ್ಧ ತಿಂದ ಕಿತ್ತಳೆ ಬಣ್ಣದ ಐಸ್ ಕ್ಯಾಂಡಿಯನ್ನು ಸಂಜೆಗೆ ಇರಲಿ ಎಂದು ಸ್ಟೂಲು ಹತ್ತಿ ಫ್ಲಾಸ್ಕಿನೊಳಗೆ ಬಿಟ್ಟೆ. ಸಂಜೆ ನೋಡಿದರೆ ಕಡ್ಡಿ ಕೈಗೇ ಎಟಕಲಿಲ್ಲ. ಚಮಚದ ಹಿಡಿಯಿಂದ ಮೀಟಿದೆ. ಒಳಗಿನ ಗಾಜು ಟಪ್ ಎಂದಿತು. ಬಣ್ಣದ ನೀರನ್ನು ಬಚ್ಚಲಿಗೆ ಸುರಿದೆ. ಕಡ್ಡಿ ಗಾಜಿನ ಚೂರುಗಳ ನಡುವೆ ಸಿಕ್ಕಿಕೊಂಡು ಬರಲೇ ಇಲ್ಲ. ಹೊರಗಿನಿಂದ ನೋಡಿದರೆ ಫ್ಲಾಸ್ಕು ಹೊಸದರ ಹಾಗೇ ಇತ್ತು. ಮುಚ್ಚಿ, ಇದ್ದಲ್ಲೇ ಇಟ್ಟೆ.

ಹಬ್ಬ ಹತ್ತಿರವಾಗುತ್ತಿತ್ತು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಆದರೆ ಅಪ್ಪ "ರತ್ನ ಕೇಳಿದ್ದೇ ಸಿಕ್ತು ನೋಡೇ" ಎಂದು ಅಮ್ಮನಿಗೆ ಇನ್ನೊಂದು ಸಲ ಹೇಳುವಾಗ ಬಾಯಿ ಕಟ್ಟಿಹೋಗುತ್ತಿತ್ತು.

ಹಬ್ಬದ ಬೆಳಿಗ್ಗೆ ಬಸ್ಸಿನಲ್ಲಿ ಪೆಟ್ಟಿಗೆಯನ್ನು ನಾನೇ ಹಠ ಮಾಡಿ ತೊಡೆಯ ಮೇಲಿಟ್ಟುಕೊಂಡೆ. ಅಮ್ಮನ ಚೀಲದಲ್ಲಿ ಅವಳೇ ಹೆಣೆದ ಉಲ್ಲನ್ ಕುಲಾವಿ, ಅತ್ತೆಗೊಂದು ಶಾಲು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಒಳಗೆ ಝಲ್ ಎನ್ನುತ್ತಿತ್ತು.

"ಏನೇ ಅದು ಸದ್ದು?" ಅಂದಳು ಅಮ್ಮ.

"ಗೆಜ್ಜೆ ಅಮ್ಮ."

ಆ ಸುಳ್ಳು ನಿಜವೆನಿಸಲಿ ಎಂದು ವರ್ತೂರು ಬರುವವರೆಗೂ ಕಾಲು ಆಡಿಸುತ್ತಲೇ ಇದ್ದೆ.

ಅತ್ತೆಯ ಮನೆಯಲ್ಲಿ ಕಜ್ಜಾಯದ ಘಮ, ಕಿಟಕಿ ತೆರೆದರೆ ಕೆರೆಯ ನಾತ. ಅತ್ತೆ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಳು. "ನೋಡಿದ್ರಾ ಅತ್ತೆ, ನಮ್ಮಣ್ಣ ಮರೀಲಿಲ್ಲ" ಎಂದು ವರ್ತೂರಜ್ಜಿಯ ಕಡೆ ತಿರುಗಿದಳು.

"ಎಲ್ಲಿ, ತಗಿ ನೋಡಾನ. ಇವತ್ತೇ ಬಿಸ್ನೀರ್ ತುಂಬುಸ್ಕೊಳಿವಂತೆ" ಎಂದು ಅಜ್ಜಿ ತಾವೇ ಮುಚ್ಚಳ ತಿರುಗಿಸಿದರು. ಒಳಗೆ ಸದ್ದಾಗಿದ್ದು ಕೇಳಿ ಸ್ಟೀಲ್ ತಟ್ಟೆಯ ಮೇಲೆ ಬಗ್ಗಿಸಿದರು. ಹೊಳೆಯುವ ಚೂರುಗಳು ಜಲಜಲ ಸುರಿದವು.

"ಅಯ್ಯೋ! ಅಬ್ಬದ ದಿನ ಒಡ್ದಿರೋದ್ನ ತಂದವ್ರಲ್ಲಮ್ಮಿ! ಮಗೀನ್ ಒಟ್ಟೆಗೋಗಿದ್ರೆ ಏನ್ ಗತಿ?"

ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾವು ಬಿಚ್ಚೇ ಇಲ್ಲ ಕಣಮ್ಮ. ಕಂಪನೀಲಿ ಹಿಂಗೇ ಕೊಟ್ಬಿಟ್ಟವ್ರೆ" ಎಂದ.

"ಪುಕ್ಸಟ್ಟೆ ಬಂದಿದ್ದು ಇನ್ನೆಂಗಿರ್ತದೆ?" ಅಂದರು ಅಜ್ಜಿ.

ಚೂರುಗಳ ನಡುವೆ ಐಸ್ ಕ್ಯಾಂಡಿಯ ಕಡ್ಡಿ ಬಿದ್ದಿತ್ತು. ನಾನು ನೋಡಿದೆ. ಅತ್ತೆಯೂ ನೋಡಿದಳು. ಚೂರು ಬಳಿಯುವವಳಂತೆ ಬಗ್ಗಿ ಅದನ್ನು ಮುಷ್ಟಿಯಲ್ಲಿ ಮುಚ್ಚಿದಳು, ನನ್ನ ಮುಖ ನೋಡಿದಳು, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ನಾನು ಹಿಂದೆಯೇ ಓಡಿದೆ. ಅಳು ಒತ್ತರಿಸಿ ಬರುತ್ತಿತ್ತು.

"ಅತ್ತೇ..."

"ಶ್! ಸುಮ್ನಿರು. ಇಷ್ಟು ಜನದ್ ಮುಂದೆ ಹೇಳ್ಬೇಡ, ನಿಮ್ಮಪ್ಪ ಹೊಡೆದ್ಬಿಡ್ತಾನೆ." ಅವಳ ಬೆರಳಿನಿಂದ ರಕ್ತ ಬರುತ್ತಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿದು ನನ್ನ ಕೆನ್ನೆ ಒರೆಸಿದಳು.

ನಾನು ಸುಮ್ಮನಾದೆ. ಎಷ್ಟು ಸುಲಭವಾಗಿ ಸುಮ್ಮನಾದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಕಾರ್ಖಾನೆಯಲ್ಲಿ ರಗ್ಗು ಕೊಟ್ಟಾಗ ಅಪ್ಪ ಅದನ್ನು ಸ್ಟೋರಿನ ಮುಂದೆಯೇ ಬಿಚ್ಚಿ, ಎಲ್ಲರೆದುರು ಎರಡೂ ಬದಿ ನೋಡಿ ಮಡಚಿಕೊಂಡು ಬಂದನಂತೆ. ಜೊತೆಯವರು ನಕ್ಕರಂತೆ. ಅದನ್ನು ಅವನು ತಂಗಿಗೆ ಒಯ್ಯಲಿಲ್ಲ. ವರ್ತೂರಿಗೆ ಹೋದರೂ ಹೊಸ್ತಿಲ ಹತ್ತಿರವೇ ಕೂತು, ಊಟಕ್ಕೆ ಎಬ್ಬಿಸುವ ಮೊದಲೇ "ಡ್ಯೂಟಿ ಇದೆ" ಎಂದು ಎದ್ದುಬಿಡುತ್ತಿದ್ದ. ತಂಗಿಯ ಮನೆಯಲ್ಲಿ ಕಾಲು ಚಾಚಿ ಕೂತು ಕಜ್ಜಾಯ ತಿನ್ನುತ್ತಿದ್ದ ಅಪ್ಪನನ್ನು ನಾನು ಮತ್ತೆ ನೋಡಲಿಲ್ಲ.

ಈಗ ಅತ್ತೆಯ ಆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ. ವರ್ತೂರಜ್ಜಿ ಹೋಗಿ ಬಹಳ ವರ್ಷವಾಯಿತು. ಹೋದ ವರ್ಷ ಅಪ್ಪನೂ ಹೋದ. ಅಪ್ಪನ ತಿಥಿಯ ದಿನ ಅತ್ತೆಯ ಪಕ್ಕ ಕೂತು, ಅಷ್ಟು ವರ್ಷದಿಂದ ಇಟ್ಟುಕೊಂಡದ್ದನ್ನು ಕಡೆಗೂ ಬಾಯಿಬಿಟ್ಟೆ. ನೀನಾದರೂ ಅಪ್ಪನಿಗೆ ಹೇಳಬಾರದಿತ್ತೇ ಅತ್ತೆ ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಸಿಟ್ಟಿರಲಿಲ್ಲ.

"ನೀನು ದೊಡ್ಡೋಳಾದ್ಮೇಲೆ ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ ಕಣೆ" ಅಂದಳು.