ಪಾರಿಯನ್ನು ಕಂಡರಾಗದ ಡಿನಿ

ನಮ್ಮ ಪಕ್ಕದ ಮನೆಯ ರಾಮ್‌ಡಿನ್‌ಪುಯಿಯನ್ನು ಊರೆಲ್ಲ ಡಿನಿ ಅಂತಲೇ ಕರೆಯುತ್ತದೆ. ನಾನೂ ಅವಳೂ ಚರ್ಚಿನ ಯುವಜನ ಸಂಘದಲ್ಲಿ ಒಟ್ಟಿಗೆ ಬೆಳೆದವರು. ಅವಳ ಹತ್ತಿರ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದೇ, ಕಂಠ. ಐಜಾಲಿನ ಕಾಲೇಜು ಅರ್ಧಕ್ಕೆ ನಿಂತಿತ್ತು. ಮದುವೆಯಾಗುತ್ತೇನೆ ಅಂದಿದ್ದ ಹುಡುಗ ಅಲ್ಲಿಯವಳನ್ನೇ ಕಟ್ಟಿಕೊಂಡ. ಊರಿಗೆ ವಾಪಸ್ ಬಂದವಳು ಚರ್ಚಿನ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತ, ವಿಧವೆ ತಾಯಿ ಪಿ ಥುವಾಮಿಯ ಜೊತೆ ಇದ್ದುಬಿಟ್ಟಳು. ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಪಿ, ಗಂಡಸರ ಹೆಸರಿಗೆ ಪು ಸೇರಿಸಿ ಕರೆಯುವುದು ವಾಡಿಕೆ. ಆದರೆ ಕ್ರಿಸ್‌ಮಸ್ಸಿನ ಬೆಳಿಗ್ಗೆ ಕ್ವಾಯರಿನಿಂದ ಒಂದು ಹೆಜ್ಜೆ ಮುಂದೆ ನಿಂತು ಒಬ್ಬಳೇ ಹಾಡುವುದು ಮಾತ್ರ ಅವಳದ್ದು. ಅದನ್ನು ನನಗೆ ಕೊಡಿ ಅಂತ ಯಾರೂ ಕೇಳುತ್ತಿರಲಿಲ್ಲ, ಅವಳೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ತಿಯಾವ್ ನದಿಯ ಆಚೆಯ ದೇಶದಲ್ಲಿ ಅಲ್ಲಿನ ಸೈನ್ಯ ಹಳ್ಳಿಗಳಿಗೆ ಬೆಂಕಿ ಇಡಲು ಶುರುಮಾಡಿದಾಗ ಜನ ನೀರಿಗಿಳಿದು ನಮ್ಮ ಕಡೆ ಬರತೊಡಗಿದರು. ನದಿ ದೇಶದ ಗಡಿ ಅನ್ನುವುದು ದೆಹಲಿಯವರಿಗೆ. ನಮಗೆ ಆಚೆಯವರೂ ನೆಂಟರೇ, ಮಾತು ಸ್ವಲ್ಪ ಎಳೆದು ಆಡುವ ನೆಂಟರು. ಯುವಜನ ಸಂಘದವರು ಬಿದಿರು ಕಡಿದು, ಟಾರ್ಪಾಲು ಕಟ್ಟಿ, ಮನೆಮನೆ ತಿರುಗಿ ಅಕ್ಕಿ ಕೂಡಿಸಿದೆವು. ಎಲ್ಲದಕ್ಕೂ ಮುಂದೆ ನಿಂತವಳು ಡಿನಿ. ಚೀಲ ಹೊತ್ತು ಹೊತ್ತು ಅವಳ ಹೆಗಲು ಕಂದಿಹೋಗಿತ್ತು. ಟೆಂಟಿನಲ್ಲಿ ಒಬ್ಬಳೇ ಮುದುರಿ ಕೂತಿದ್ದ ಸುಂಗ್ ಪಾರ್ ಎಂಬ ಹುಡುಗಿಯನ್ನು ಕೈಹಿಡಿದು ಮನೆಗೆ ಕರೆತಂದವಳೂ ಅವಳೇ.

"ಅಮ್ಮಾ, ಇವಳ ಅಪ್ಪನ್ನ ಕೊಂದ್‌ಬಿಟ್ರಂತೆ. ನಮ್ಮನೇಲಿ ಇರ್ಲಿ," ಅಂದಳು.

"ಇರ್ಲಿ ಬಿಡು. ಬಾ ಮಗಾ, ಮೊದ್ಲು ಟೀ ಕುಡಿ," ಅಂದರು ಪಿ ಥುವಾಮಿ. ಮರುದಿನದಿಂದಲೇ ಅವಳು ಅವರ ಬಾಯಲ್ಲಿ ಪಾರಿ ಆದಳು.

ಮೊದಲ ತಿಂಗಳು ಎಲ್ಲ ಸರಿಯಾಗಿತ್ತು. ಪಾರಿ ಮಾತಾಡುತ್ತಿರಲಿಲ್ಲ, ಹೊಗೆ ಹಾಕಿದ ಹಂದಿಮಾಂಸ ಕಂಡರೆ ಮನೆ ನೆನೆದು ಅಳುತ್ತಿದ್ದಳು, ಡಿನಿ ಸಮಾಧಾನ ಮಾಡುತ್ತಿದ್ದಳು. ಆಮೇಲೆ ಒಂದು ದಿನ ಸೊಪ್ಪು ಬಿಡಿಸುತ್ತ ಪಾರಿ ಹಾಡಿಕೊಂಡಳು. ಆಗ ನಾನು ಅವರ ಅಡಿಗೆಮನೆಯಲ್ಲೇ ಇದ್ದೆ. ಹೇಗೆ ಹೇಳಲಿ, ಆ ದನಿ ಕೇಳಿ ಒಲೆ ಊದುತ್ತಿದ್ದ ಪಿ ಥುವಾಮಿ ಊದುವುದನ್ನೇ ಬಿಟ್ಟರು. ನಾನು ಡಿನಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು, ಆದರೆ ಆ ನಗು ಬಲವಂತದ್ದು.

ಕ್ವಾಯರ್ ಕಲಿಸುವ ಪು ಬಿಯಾಕನ ಕಿವಿಗೆ ಸುದ್ದಿ ಬೀಳಲು ಎಷ್ಟು ಹೊತ್ತು? ಭಾನುವಾರ ಅವಳನ್ನು ಕರೆಸಿ ಹಾಡಿಸಿ, ಕನ್ನಡಕ ತೆಗೆದು ಒರೆಸಿಕೊಂಡ. "ಈ ಸಲ ಕ್ರಿಸ್‌ಮಸ್ಸಿಗೆ ಪಾರಿ ಮುಂದೆ ನಿಲ್ಲಲಿ. ಏನಂತೀಯ ಡಿನಿ?"

"ನಾನ್ ಏನ್ ಅನ್ನೋದು ಪು ಬಿಯಾಕ? ದೇವರು ಕೊಟ್ಟ ದನಿ, ಹಾಡ್ಲಿ," ಅಂದಳು ಡಿನಿ. ಮನೆಗೆ ಹೋಗುವ ಇಳಿಜಾರಿನಲ್ಲಿ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಅಲ್ಲಿಂದ ಅವಳಿಗೆ ಕೂತರೆ ನಿಂತರೆ ಪಾರಿಯದ್ದೇ ಯೋಚನೆ. ಊಟಕ್ಕೆ ಕೂತರೆ ಕಣ್ಣು ಪಾರಿಯ ತಟ್ಟೆಯ ಮೇಲೆ. ಅಮ್ಮ ಅವಳಿಗೆ ಕೊಬ್ಬಿನ ತುಂಡು ಹಾಕಿದರು, ತನಗೆ ಮೂಳೆ. ಅವಳ ತಲೆಗೆ ಎಣ್ಣೆ ಹಚ್ಚಿದರು, ತನ್ನ ತಲೆ ಅವರಿಗೆ ಕಾಣಿಸಲೇ ಇಲ್ಲ. ಇದನ್ನೆಲ್ಲ ನನ್ನ ಹತ್ತಿರ ಹೇಳಿಕೊಳ್ಳುವಾಗ ಅವಳ ಕಣ್ಣಲ್ಲಿ ನೀರೇ ಬರುತ್ತಿತ್ತು. "ಅಪ್ಪ ಇಲ್ಲ, ಮನೆ ಇಲ್ಲ, ಏನೂ ಇಲ್ದೋಳ ಮೇಲೆ ಹೊಟ್ಟೆಕಿಚ್ಚು ಪಡ್ತೀನಲ್ಲೇ, ನಾನೆಂಥ ಕ್ರೈಸ್ತಳು?" ಅನ್ನುವಳು. ಕಣ್ಣು ಒರೆಸಿಕೊಂಡ ಮರುಕ್ಷಣವೇ, "ಆದ್ರೂ ಅಮ್ಮಾ ಅಂತ ಎಳ್ದೆಳ್ದು ಕರೀತಾಳಲ್ಲ, ಅದೆಲ್ಲ ನಾಟ್ಕ ಕಣೇ!" ಅನ್ನುವಳು.

ಕೊನೆಗೆ ಪಿ ಥುವಾಮಿ ಪೆಟ್ಟಿಗೆಯಿಂದ ಹಬ್ಬದ ಪುವಾನ್ ತೆಗೆದು ಪಾರಿಯ ಸೊಂಟಕ್ಕೆ ಸುತ್ತಿ ಅಳತೆ ನೋಡಿದ ದಿನ ದೊಡ್ಡ ರಂಪವೇ ಆಯಿತು. ಕೆಂಪು ಕಪ್ಪು ಪಟ್ಟಿಯ ಆ ಪುವಾನನ್ನು ನೇಯ್ದದ್ದು ಡಿನಿಯ ಅಜ್ಜಿ.

"ಅದು ನನ್ನ ಮದ್ವೇಗೆ ಅಂತ ಇಟ್ಟಿದ್ದಲ್ವಾ ಅಮ್ಮ?"

"ಮದ್ವೆ ಎಲ್ಲಿದೆ ತೋರ್ಸು, ಈಗ್ಲೇ ಬಿಚ್ಚಿ ಕೊಡ್ತೀನಿ!"

ಪಾರಿ ತಾನೇ ಬಿಚ್ಚಿ ಮಡಿಸಿಟ್ಟಳು. "ನಂಗ್ ಬೇಡ ಅಕ್ಕಾ" ಅಂದಳು. ಹಾಗೆ ಮೆತ್ತಗೆ ಅಂದದ್ದಕ್ಕೂ ಡಿನಿಗೆ ಉರಿಯಿತು.

ಇದೇ ಹೊತ್ತಿಗೆ ಚುನಾವಣೆ ಬಂತು. ನಮ್ಮಲ್ಲಿ ಅಭ್ಯರ್ಥಿಗಳು ಮನೆಮನೆಗೆ ಬಂದು ಊಟ ಹಾಕಿಸುವ ಹಾಗಿಲ್ಲ, ಚರ್ಚಿನ ಹಿರಿಯರು ಬಿಡುವುದಿಲ್ಲ. ಎಲ್ಲರೂ ಒಂದೇ ವೇದಿಕೆಯಲ್ಲಿ ಕೂತು ಜನರ ಪ್ರಶ್ನೆಗೆ ಉತ್ತರ ಕೊಡಬೇಕು. ಯುವಜನರ ಪರವಾಗಿ ಪ್ರಶ್ನೆ ಕೇಳಲು ಡಿನಿಯನ್ನು ಆರಿಸಿದೆವು. ಸಂಘದಲ್ಲಿ ಮೂರು ವಾರ ಚರ್ಚೆ ನಡೆದಿತ್ತು. ರಸ್ತೆ ಕೇಳಬೇಕು ಅಂದವರಿದ್ದರು, ಅಮಲಿನ ಸೂಜಿ ಚುಚ್ಚಿಕೊಂಡು ಸಾಯುತ್ತಿರುವ ಹುಡುಗರ ಬಗ್ಗೆ ಕೇಳಬೇಕು ಅಂದವರೂ ಇದ್ದರು. ಒಬ್ಬೊಬ್ಬರ ಜೀವಕ್ಕೂ ಬೆಲೆ ಇದೆ ಅಂತ ಭಾನುವಾರ ಹಾಡುತ್ತೇವೆ, ಸೋಮವಾರ ಅದನ್ನೇ ರಾಜಕೀಯದವರ ಹತ್ತಿರ ಯಾಕೆ ಕೇಳಬಾರದು ಅಂದವಳು ಡಿನಿಯೇ. ಕೊನೆಗೆ ಆ ಹುಡುಗರ ವಿಷಯವೇ ತೀರ್ಮಾನವಾಯಿತು.

ಸಭೆಗೆ ಎರಡು ದಿನ ಮುಂಚೆ ಅವಳ ಸೋದರಮಾವ ರೋಕಿಮಾ ಟೀ ಕುಡಿಯಲು ಬಂದ. ಪು ಛುವಾನ ಅನ್ನುವ ಅಭ್ಯರ್ಥಿಯ ಹಿಂದೆ ಓಡಾಡುವವನು. ಅಡಿಕೆ ಅಗಿಯುತ್ತ ಮೆಲ್ಲಗೆ ಶುರುಮಾಡಿದ.

"ನಿನ್ ಹಾಡು ಹೋಯ್ತಂತೆ?"

"ಹೋದ್ರೆ ಹೋಯ್ತು ಮಾವ."

"ಇವತ್ತು ಹಾಡು, ನಾಳೆ ಕೆಲ್ಸ, ನಾಡಿದ್ದು ಮನೆ. ನಾನೇನ್ ಅವ್ರನ್ನ ಹೊಡೀರಿ ಅಂತಿಲ್ಲ. ಸಭೇಲಿ ಒಂದೇ ಮಾತು ಕೇಳು ತಾಯಿ, ಆಚೆಯವ್ರು ವಾಪಸ್ ಹೋಗೋದ್ ಯಾವಾಗ ಅಂತ. ಉಳಿದಿದ್ದನ್ನ ಪು ಛುವಾನ ನೋಡ್ಕೋತಾರೆ."

ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಆದರೆ ಮಾರನೆಯ ದಿನ ನಾನು ಹೋದಾಗ ಕನ್ನಡಿಯ ಮುಂದೆ ನಿಂತು ಆ ಮಾತನ್ನೇ ಬಾಯಿಪಾಠ ಮಾಡುತ್ತಿದ್ದಳು. ನನ್ನನ್ನು ಕಂಡು ಬಾಚಣಿಗೆ ಕೈಗೆತ್ತಿಕೊಂಡಳು.

ಸಭೆ ನಡೆದದ್ದು ಶಾಲೆಯ ಮೈದಾನದಲ್ಲಿ. ನವೆಂಬರಿನ ಎಳೆಬಿಸಿಲಿಗೆ ಬೆನ್ನು ಕೊಟ್ಟು ಇಡೀ ಊರು ಕೂತಿತ್ತು. ಹಿರಿಯರು ಪ್ರಾರ್ಥನೆ ಮಾಡಿದರು. ಡಿನಿಯ ಸರದಿ ಬಂತು. ಸಂಘ ತೀರ್ಮಾನಿಸಿದ್ದ ಪ್ರಶ್ನೆ ಕೇಳುತ್ತಾಳೆ ಅಂತ ಉಳಿದವರು ಕಾಯುತ್ತಿದ್ದರೆ ಅವಳು ಮೈಕು ಹಿಡಿದು, "ನದಿ ಆಚೆಯಿಂದ ಬಂದೋರು ವಾಪಸ್ ಹೋಗೋದ್ ಯಾವಾಗ?" ಅಂದುಬಿಟ್ಟಳು.

ಪು ಛುವಾನ ಎದ್ದುನಿಂತು ಜಾಕೆಟ್ಟಿನ ಗುಂಡಿ ಹಾಕಿಕೊಂಡ. ಕರುಣೆ ಇರಬೇಕು, ಆದರೆ ಕರುಣೆಗೂ ಮಿತಿ ಇದೆ ಅಂದ. ನಾನು ಗೆದ್ದರೆ ಎಲ್ಲರನ್ನೂ ಒಂದು ಕಡೆ ಸೇರಿಸಿ, ಮಳೆಗಾಲದ ಒಳಗೆ ಆಚೆ ಕಳಿಸುತ್ತೇನೆ ಅಂದ. ಒಂದಿಷ್ಟು ಜನ ಚಪ್ಪಾಳೆ ಹೊಡೆದರು. ಅದು ಅವನಿಗೆ ಸಾಲದಾಯಿತು. "ಈ ತಂಗಿ ಮನೇಲೇ ಒಬ್ಳು ಇದ್ದಾಳಂತೆ. ನನ್ನ ಮಾತು ಬಿಡಿ, ಎಷ್ಟು ಕಷ್ಟ ಅಂತ ಇವಳ ಬಾಯಿಂದಾನೇ ಕೇಳಿ," ಅಂದ.

ಹಿಂದಿನ ಸಾಲಿನಲ್ಲಿ ಪಾರಿ ಎದ್ದು ಹೋಗಲು ತಲೆ ತಗ್ಗಿಸಿ ಚಪ್ಪಲಿ ಹುಡುಕಿಕೊಳ್ಳುತ್ತಿದ್ದಳು. ಡಿನಿ ಅದನ್ನು ನೋಡಿದಳು. ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದಳು.

"ಹೌದು, ಕಷ್ಟಾನೇ," ಅಂದಳು. "ಅವಳ್ನ ಕಂಡ್ರೆ ನಂಗಾಗಲ್ಲ. ನನ್ ಹಾಡು ತಗೊಂಡ್ಲು. ನಮ್ಮಮ್ಮ ಅವಳ ತಟ್ಟೆಗೇ ಒಳ್ಳೇ ತುಂಡು ಹಾಕೋದು."

ಜನ ಗೊಳ್ಳೆಂದು ನಕ್ಕರು. ಪಿ ಥುವಾಮಿ ಸೆರಗಿಲ್ಲದ ನಮ್ಮ ಉಡುಪಿನಲ್ಲಿ ಮುಖ ಎಲ್ಲಿ ಮುಚ್ಚಿಕೊಳ್ಳುವುದು ತಿಳಿಯದೆ ಕೈ ಅಡ್ಡ ಹಿಡಿದರು. ಡಿನಿ ನಗಲಿಲ್ಲ.

"ಅದು ನಮ್ಮನೆ ಜಗಳ, ಪು ಛುವಾನ. ಆ ಜಗಳಕ್ಕೆ ಅವಳನ್ನ ನದಿ ದಾಟಿಸ್ತೀರಾ? ಅವಳಪ್ಪನ್ನ ಕೊಂದೋರು ಇನ್ನೂ ಅಲ್ಲೇ ಇದ್ದಾರೆ. ಅವಳು ಬದುಕಿದ್ರೆ ತಾನೇ ನಾನು ಹೊಟ್ಟೆ ಉರ್ಕೊಳ್ಳೋದು? ಉರ್ಕೋತೀನಿ, ನಮ್ಮನೇಲಿ ಕೂತ್ಕೊಂಡೇ ಉರ್ಕೋತೀನಿ. ನಾನು ಕೇಳಿದ ಪ್ರಶ್ನೆ ತಪ್ಪು. ನಿಮ್ಮ ಉತ್ತರ ಅದಕ್ಕಿಂತ ತಪ್ಪು."

ಮೈಕನ್ನು ಹಿರಿಯರ ಕೈಗಿಟ್ಟು ಬಂದು ನನ್ನ ಪಕ್ಕ ಕೂತಳು. ರೋಕಿಮಾ ಮಾವ ಎದ್ದು ಹೋಗಿಬಿಟ್ಟ, ಆಮೇಲೆ ಎಷ್ಟೋ ದಿನ ಅವರ ಮನೆ ಮೆಟ್ಟಿಲು ಹತ್ತಲಿಲ್ಲ.

ಪು ಛುವಾನ ಸೋತ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಅವನು ಗೆದ್ದ. ಆದರೆ ಯಾರನ್ನೂ ಆಚೆ ಕಳಿಸಲಿಲ್ಲ, ನಮ್ಮೂರಿಗೆ ಬಂದಾಗಲಂತೂ ಆ ಸುದ್ದಿಯನ್ನೇ ಎತ್ತಲಿಲ್ಲ.

ಸಭೆ ಮುಗಿದ ಸಂಜೆ ಪಾರಿ ಬಂದು ಕಾಲಿಗೆ ಬೀಳುತ್ತಾಳೆ ಅಂತ ಡಿನಿ ಎಣಿಸಿದ್ದಳೋ ಏನೋ. ಪಾರಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಾನ್ ಮಾಂಸ ತಿನ್ನೋದನ್ನ ಮೈಕಲ್ಲಿ ಹೇಳ್ಬೇಕಿತ್ತಾ ಅಕ್ಕಾ?"

"ತಿಂತೀಯ, ಹೇಳ್ದೆ."

"ಅಮ್ಮ ಹಾಕ್ತಾರೆ, ತಿಂತೀನಿ. ನಾನೇನ್ ಕದ್ದು ತಿಂದ್ನಾ? ಆ ಪ್ರಶ್ನೆ ನೀನು ಬೇಕೂ ಅಂತಾನೇ ಕೇಳಿದ್ದು, ನಂಗೊತ್ತು!"

"ಹೌದು, ಬೇಕೂ ಅಂತಾನೇ!"

ಅವತ್ತು ಇಬ್ಬರೂ ಗಂಟಲು ಹರಿಯುವ ಹಾಗೆ ಜಗಳವಾಡಿದರು. ಪಾರಿ ದನಿಯೆತ್ತಿ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಪಿ ಥುವಾಮಿ ನಮ್ಮ ಮನೆಗೆ ಬಂದು ಕೂತು, "ಬಿಡು, ಈಗ ಅಕ್ಕತಂಗೀರ ಥರ ಆದ್ರು" ಅಂದರು.

ಕ್ರಿಸ್‌ಮಸ್ಸಿಗೆ ಪಾರಿಯೇ ಹಾಡಿದಳು. ಡಿನಿ ನನ್ನ ಪಕ್ಕ ಗುಂಪಿನಲ್ಲಿ ನಿಂತು, ಬೇಕಾದ್ದಕ್ಕಿಂತ ಜೋರಾಗಿ ಹಾಡುತ್ತಿದ್ದಳು. ಪು ಬಿಯಾಕ ಕಣ್ಣಲ್ಲೇ ಗದರಿದರೂ ತಗ್ಗಿಸಲಿಲ್ಲ.

ಆ ಸಭೆಯ ನಂತರ ಜಿಲ್ಲೆಯ ಯುವಜನ ಸಮಾವೇಶಗಳಿಗೆ ಮಾತಾಡಲು ಡಿನಿಯನ್ನು ಕರೆಯತೊಡಗಿದರು. ಸೂಜಿಗೆ ಬಿದ್ದ ಹುಡುಗರ ವಿಷಯವನ್ನೂ ಎತ್ತಿದಳು, ಅವರನ್ನು ಹೊಡೆದು ತಲೆ ಬೋಳಿಸುವುದನ್ನು ನಿಲ್ಲಿಸಿ ಅಂತ ನಮ್ಮ ಸಂಘದವರ ಜೊತೆಯೇ ಜಗಳ ಕಾದಳು. ಹೊಟ್ಟೆಕಿಚ್ಚು ಹೋಯಿತಾ ಅಂತ ಒಮ್ಮೆ ಕೇಳಿದೆ. "ಎಲ್ಲಿಗೆ ಹೋಗುತ್ತೆ? ಅಲ್ಲೇ ಇದೆ," ಅಂದಳು.

ಕಳೆದ ವರ್ಷ ಪಾರಿಗೆ ಚಂಫಾಯಿಯ ಒಬ್ಬ ಮೇಷ್ಟರ ಜೊತೆ ಮದುವೆಯಾಯಿತು. ಜೀಪು ಹೊರಡುವಾಗ ಡಿನಿ ಅವಳನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು, ಬಿಡಿಸಲು ನಾನೂ ಪಿ ಥುವಾಮಿಯೂ ಬೇಕಾಯಿತು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೋಡಿದ್ಯಾ ಆ ಮೇಷ್ಟರನ್ನ? ಎಷ್ಟು ಚೆನ್ನಾಗಿದಾನೆ! ಇವಳಿಗೇ ಸಿಗ್ಬೇಕಿತ್ತಾ?"