ಟೈರಕ್ಕ ಮತ್ತು ನಾಲ್ಕನೇ ಚಕ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೈಪಾಸ್ ರಸ್ತೆಯ ಟೈರ್ ಅಂಗಡಿಯ ಶಟರ್ ಅರ್ಧವಷ್ಟೇ ಮೇಲೆದ್ದಿದೆ. ಅದರಡಿ ಬಗ್ಗಿ ಹೊರಬಂದ ಹೆಂಗಸು, ಎದುರಿಗೆ ನಿಂತ ಬಿಳಿ ಕಾರಿನವರ ಮುಖವನ್ನೂ ನೋಡದೆ ನೇರವಾಗಿ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಟೈರಿನ ಮೇಲೆ ಅಂಗೈ ಸವರುತ್ತಾರೆ, ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಕಣ್ಣಿಗೆ ಕಾಣದ ಸವೆತ ಕೈಗೆ ಸಿಗುತ್ತದೆ ಎನ್ನುವುದು ಅವರ ನಂಬಿಕೆ.

"ಎಲ್ಲಿಗೆ ಹೊರಟಿದ್ದೀರಿ?" ತಲೆ ಎತ್ತದೆಯೇ ಕೇಳುತ್ತಾರೆ.

"ಬೆಟ್ಟದಾಚೆ, ತಂಗಿ ಮನೆಗೆ," ಎನ್ನುತ್ತಾನೆ ಕಾರಿನ ಯಜಮಾನ. "ಮುಂದಿನ ಎರಡು ಟೈರ್ ಹಾಕ್ಬಿಡಿ ಸಾಕು. ಬಿಸಿಲೇರೋದ್ರೊಳಗೆ ಬೆಟ್ಟ ಹತ್ತಬೇಕು."

"ಹಿಂದಿನವು ಬೋಳಾಗಿವೆಯಲ್ಲ, ಅವೂ ನಿಮ್ಮ ಜೊತೆಗೇ ಬರ್ತವೆ ತಾನೇ? ಒಂದು ಕೆಲಸ ಮಾಡಿ. ಎಲ್ರೂ ಕಾರಲ್ಲಿ ಕೂತ್ಕೊಳ್ಳಿ. ಹೆಂಗೆ ಹೋಗ್ತೀರೋ ಹಂಗೇ."

ಇದು ಟೈರಕ್ಕನ ಕ್ರಮ. ಟೈರಕ್ಕ ಎಂದು ಹೆಸರಿಟ್ಟವರು ಲಾರಿ ಚಾಲಕರು, ಈಗ ಇಡೀ ರಸ್ತೆಯವರು ಕರೆಯುವುದೂ ಹಾಗೆಯೇ. ಹೊಸ ಟೈರ್ ಕೇಳಿ ಬಂದವರನ್ನು ಅವರು ಮೊದಲು ಕುಟುಂಬ ಸಮೇತ, ಗಂಟುಮೂಟೆ ಸಮೇತ ಕಾರಿನೊಳಗೆ ಕೂರಿಸುತ್ತಾರೆ. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂಭಾಗ ಎಷ್ಟು ಕುಸಿಯಿತು ಎಂದು ನೋಡುತ್ತಾರೆ. ಗಿರಾಕಿಗಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಂದೂ ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಕಿಟಕಿಯಿಂದ ಇಣುಕಿ, "ಫೋಟೋ ತೆಗೀತೀಯೇನಮ್ಮ?" ಎಂದು ಕೇಳಿಯೇಬಿಡುತ್ತಾರೆ.

"ಇಲ್ಲಜ್ಜಿ, ಭಾರ ನೋಡ್ತಿದೀನಿ."

"ಹಾಗಾದ್ರೆ ನನ್ನ ಮಗನ ಕಡೆ ನೋಡು. ನಾನು, ಸೊಸೆ, ಕೂಸು ಸೇರಿದ್ರೂ ಅವನೊಬ್ಬನಿಗೆ ಸಮ ಆಗಲ್ಲ."

ಮಗನಿಗೆ ಮಾತ್ರ ನಗು ಬರುವುದಿಲ್ಲ. ಅವನ ಕಣ್ಣು ಅಂಗಡಿ ಮುಂದೆ ತೂಗುಹಾಕಿದ ಅಗಲ ಟೈರುಗಳ ಮೇಲಿದೆ. ಅವುಗಳ ಅಂದಕ್ಕೆ ಯಾರಾದರೂ ಮರುಳಾಗಬೇಕು. "ಚಂದ ಇವೆ, ಆದ್ರೆ ನಿಮ್ಮ ಗಾಡಿ ಅಳತೆಯವಲ್ಲ," ಎನ್ನುತ್ತಾರೆ ಟೈರಕ್ಕ. ಸಾಕಷ್ಟು ಚೌಕಾಸಿ, ಒಂದಿಷ್ಟು ಮುನಿಸು ಆದ ಮೇಲೆ, ಭಾರ ತಾಳುವ ಸಾದಾ ಟೈರುಗಳನ್ನು ನಾಲ್ಕೂ ಚಕ್ರಕ್ಕೆ ಹಾಕಿಸಲು ಅವನು ಒಪ್ಪುತ್ತಾನೆ.

ಟೈರಕ್ಕ ಈ ಕೆಲಸ ಕಲಿತದ್ದು ಗಂಡನ ಲಾರಿಯಲ್ಲಿ. ಮದುವೆಯಾದ ಹೊಸದರಲ್ಲಿ ಅವರ ಜೊತೆ ಊರೂರು ತಿರುಗುತ್ತಾ, ನಡುದಾರಿಯಲ್ಲಿ ಚಕ್ರ ಬಿಚ್ಚುವುದನ್ನು ಕಲಿತರು. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಲಾರಿಯ ಮುಂದಿನ ಟೈರ್ ಸಿಡಿಯಿತು. ಹಿಂದಿನ ವಾರವಷ್ಟೇ ಹಾಕಿಸಿದ್ದ ಹೊಸ ಟೈರ್ ಅದು. ಹೊಸದು ಹೌದು, ಆದರೆ ಯಾವುದೋ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದು ರಬ್ಬರ್ ಗಟ್ಟಿಯಾಗಿ ಹೋಗಿತ್ತು. ಹೆಂಡತಿಗೆ ತರಚು ಗಾಯ, ಗಂಡನ ಸೊಂಟ ಹೋಯಿತು. ಅಂದಿನಿಂದ ಗಂಡ ಭಾರ ಎತ್ತುವಂತಿಲ್ಲ. ಅಂಗಡಿಯಲ್ಲಿ ಕೂತು ಒರೆಸುವುದು, ಜೋಡಿಸುವುದು, ಗಿರಾಕಿಗಳ ಜೊತೆ ಹರಟುವುದು ಅವರ ಪಾಲು. ದಿನಕ್ಕೆ ಹತ್ತು ಹನ್ನೆರಡು ಚಕ್ರ ಎತ್ತಿ ಇಳಿಸುವುದು ಟೈರಕ್ಕನ ಪಾಲು. ಸಂಜೆಯ ಹೊತ್ತಿಗೆ ಬೆರಳುಗಳು ಮಡಚಲು ಬರುವುದಿಲ್ಲ, ತುತ್ತು ಜಾರಿ ತಟ್ಟೆಗೇ ಬೀಳುತ್ತದೆ.

ಆ ಅಪಘಾತದಿಂದಾಗಿ ಅವರ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು. ಪ್ರತಿ ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. ಅದನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳದೆ ಅವರು ಚಕ್ರಕ್ಕೆ ಹಾಕುವುದಿಲ್ಲ. ಮಾರಾಟವಾಗದೆ ವಯಸ್ಸಾದ ಟೈರಿನ ಮೇಲೆ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕಿ ಹಿಂದಿನ ಮೂಲೆಗೆ ತಳ್ಳುತ್ತಾರೆ. ಅದನ್ನು ಅಂದೇ ಕೊಯ್ದು ಗುಜರಿಗೆ ಹಾಕಬೇಕು. ಇಲ್ಲೇ ಅವರು ಎಡವುವುದು. "ಪಾಪ, ಒಂದು ದಿನಾನೂ ರಸ್ತೆ ನೋಡಿರಲ್ಲ. ಮೈಮೇಲಿನ ಸಣ್ಣ ರಬ್ಬರ್ ಕೂದಲೂ ಉದುರಿರಲ್ಲ. ಕೊಯ್ಯೋಕೆ ಕೈ ಬರಲ್ಲ. ನಾಳೆ ನೋಡೋಣ ಅಂತ ಮುಂದಕ್ಕೆ ಹಾಕ್ತೀನಿ," ಎನ್ನುತ್ತಾರೆ.

ಬಿಳಿ ಕಾರಿಗೆ ಮೂರು ಚಕ್ರ ಕೂತಿವೆ. ಮೂರರ ಅಂಕಿಗಳನ್ನೂ ಓದಿ ಹೇಳಿದ್ದಾಗಿದೆ. ನಾಲ್ಕನೆಯದನ್ನು ಎತ್ತಿಕೊಳ್ಳುವ ಹೊತ್ತಿಗೆ ಕೂಸು ರಚ್ಚೆ ಹಿಡಿಯುತ್ತದೆ. ಸೊಸೆ ಅದನ್ನೆತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಾಳೆ. ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹಾಲು ಕುಡಿಸೋಣ ಎಂದು ಅಜ್ಜಿ ಸಮಾಧಾನ ಮಾಡುತ್ತಾರೆ. ಯಜಮಾನ ಅಸಹನೆಯಿಂದ ಹಾರ್ನ್ ಒತ್ತುತ್ತಾನೆ. ಟೈರಕ್ಕ ಗಡಿಬಿಡಿಯಲ್ಲಿ ನಾಲ್ಕನೆಯದನ್ನೂ ಕೂರಿಸಿ, ಗಾಳಿ ತುಂಬಿ, ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತಾರೆ. ಕಾರು ಹೊರಡುತ್ತದೆ.

ಬೋಳು ಟೈರುಗಳನ್ನು ಹಿಂದಕ್ಕೆ ಉರುಳಿಸಿಕೊಂಡು ಹೋದ ಟೈರಕ್ಕ ಅಲ್ಲೇ ನಿಲ್ಲುತ್ತಾರೆ. ಸೀಮೆಸುಣ್ಣದ ಗುರುತಿನ ಟೈರ್ ಇಟ್ಟಿದ್ದ ಮೂಲೆ ಖಾಲಿ.

"ರೀ, ಇಲ್ಲಿದ್ದ ಟೈರ್ ಎಲ್ಲಿ?"

"ಒರೆಸಿ ಸ್ಟ್ಯಾಂಡಿಗೆ ಹಾಕ್ದೆ ನಿನ್ನೆ," ಎನ್ನುತ್ತಾರೆ ಗಂಡ. "ಹೊಸದಲ್ವಾ ಅದು? ಪೂರ್ತಿ ಧೂಳು ಹಿಡಿದಿತ್ತು, ಗುರುತೇನೂ ಕಾಣ್ಲಿಲ್ಲ."

ಟೈರಕ್ಕ ಸ್ಟ್ಯಾಂಡಿನ ಬಳಿಗೆ ಓಡುತ್ತಾರೆ. ಸ್ಟ್ಯಾಂಡಿನಲ್ಲಿ ಆ ಅಳತೆಯ ಟೈರು ಇದ್ದದ್ದು ಐದು. ಈಗ ಉಳಿದಿರುವುದು ಒಂದು. ಅದರ ಅಂಕಿ ನೋಡುತ್ತಾರೆ. ಮೊನ್ನೆ ಮೊನ್ನೆ ತಯಾರಾದದ್ದು. ಹಾಗಾದರೆ ವಯಸ್ಸಾದ ಟೈರು ಹೋದದ್ದು ಆ ಕಾರಿಗೇ, ಓದದೇ ಬಿಟ್ಟ ಹಿಂಬದಿಯ ಆ ನಾಲ್ಕನೇ ಚಕ್ರಕ್ಕೇ. ಅದರ ಮೇಲೆಯೇ ಅಜ್ಜಿ, ಸೊಸೆ, ಕೂಸು ಕೂತಿದ್ದಾರೆ.

ಬಿಲ್ಲಿನಲ್ಲಿ ಬರೆದುಕೊಂಡ ಯಜಮಾನನ ನಂಬರಿಗೆ ಫೋನ್ ಮಾಡುತ್ತಾರೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಮಾಡುತ್ತಾರೆ, ಮತ್ತೆಯೂ ಇಲ್ಲ. ಗಂಡನ ಮುಖ ಬಿಳಿಚಿಕೊಂಡಿದೆ. ಅವರನ್ನು ಬೈಯಲೂ ಟೈರಕ್ಕನಿಗೆ ಪುರುಸೊತ್ತಿಲ್ಲ. ಉಳಿದ ಟೈರು, ಜಾಕು, ಸನ್ನೆಕೋಲು, ಬ್ಯಾಟರಿಗೆ ಸಿಕ್ಕಿಸುವ ಗಾಳಿ ಪಂಪು, ಎಲ್ಲವನ್ನೂ ಹಳೆಯ ವ್ಯಾನಿಗೆ ಎಸೆದು ಹೊರಟೇಬಿಡುತ್ತಾರೆ. ದಾರಿಯುದ್ದಕ್ಕೂ ಅವರ ಕಣ್ಣು ರಸ್ತೆಯ ಮೇಲಲ್ಲ, ರಸ್ತೆಯ ಪಕ್ಕದ ಹಳ್ಳದ ಮೇಲೆ. ಜನ ಗುಂಪುಗೂಡಿದ್ದು ಕಂಡರೆ ವ್ಯಾನ್ ನಿಧಾನಿಸಿ ಇಣುಕುತ್ತಾರೆ. ಒಂದು ಕಡೆ ಗುಂಪು ಕಂಡೇಬಿಡುತ್ತದೆ, ನೋಡಿದರೆ ಬಸ್ಸಿಗೆ ಕಾಯುತ್ತಿದ್ದವರು.

ಪೆಟ್ರೋಲ್ ಬಂಕಿನಲ್ಲಿ ಬಿಳಿ ಕಾರಿಲ್ಲ. "ಕೂಸಿಗೆ ಹಾಲು ಕುಡಿಸಿಕೊಂಡು ಈಗಷ್ಟೇ ಹೋದ್ರು," ಎನ್ನುತ್ತಾನೆ ಪೆಟ್ರೋಲ್ ಹಾಕುವವನು.

ಎರಡನೇ ತಿರುವಿನಲ್ಲಿ ಕಾರು ಕಾಣುತ್ತದೆ. ಟೈರಕ್ಕ ಹಾರ್ನ್ ಮೇಲಿಟ್ಟ ಕೈ ತೆಗೆಯುವುದಿಲ್ಲ. ಹಿಂದಿನ ವ್ಯಾನಿಗೆ ಸೊಕ್ಕು ಎಂದುಕೊಂಡನೋ ಏನೋ, ಕಾರಿನವನು ವೇಗ ಹೆಚ್ಚಿಸುತ್ತಾನೆ. ಟೈರಕ್ಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕಿರುಚುತ್ತಾರೆ. ಕಡೆಗೆ ಹಿಂದಿನ ಗಾಜಿನಲ್ಲಿ ಅಜ್ಜಿಯ ಮುಖ ತಿರುಗುತ್ತದೆ. ಕಾರು ನಿಲ್ಲುತ್ತದೆ.

"ತಪ್ಪಾಗಿದೆ," ಎನ್ನುತ್ತಾರೆ ಟೈರಕ್ಕ ಇಳಿದವರೇ. "ಹಿಂದಿನ ಎಡಗಡೆ ಚಕ್ರಕ್ಕೆ ಹಳೇ ಟೈರ್ ಹಾಕ್ಬಿಟ್ಟಿದೀನಿ. ಎಲ್ರೂ ಇಳೀರಿ. ಇಲ್ಲೇ ಬದಲಾಯಿಸ್ತೀನಿ."

ಯಜಮಾನ ಬಾಯಿಗೆ ಬಂದಂತೆ ಬೈಯುತ್ತಾನೆ. ಟೈರಕ್ಕ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸುತ್ತಾರೆ. ಸನ್ನೆಕೋಲು ಹಾಕಿ ಟೈರ್ ಕಳಚುವಾಗ ಗೆಣ್ಣು ಸುಲಿದು ರಕ್ತ ಬರುತ್ತದೆ. ಕಳಚಿದ ಟೈರನ್ನು ಅವರು ಮೊಣಕಾಲಿಗೆ ಕೊಟ್ಟು ಬಗ್ಗಿಸುತ್ತಾರೆ. ಮಡಿಕೆ ಬಿದ್ದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ. ಅದನ್ನು ಕಂಡು ಯಜಮಾನನ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ.

ಹೊಸದನ್ನು ಹಾಕುವ ಮೊದಲು ಟೈರಕ್ಕ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಕೇಳದಿದ್ದರೂ ಉಳಿದ ಮೂರು ಚಕ್ರಗಳ ಬಳಿ ಕೂತು ಅವನ್ನೂ ಮತ್ತೊಮ್ಮೆ ಓದುತ್ತಾರೆ. ಯಜಮಾನ ಪಕ್ಕದಲ್ಲೇ ಬಗ್ಗಿ ಒಂದೊಂದನ್ನೂ ಕಣ್ಣಾರೆ ನೋಡುತ್ತಾನೆ. ಅವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಂತಿಲ್ಲ, ಬರಬೇಕೆಂದು ಟೈರಕ್ಕನೂ ಕೇಳುವುದಿಲ್ಲ.

"ನೀವು ಬಂದು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎನ್ನುತ್ತಾನೆ ಅವನು, ಈಗ ತಗ್ಗಿದ ದನಿಯಲ್ಲಿ.

"ಗೊತ್ತಾಗ್ತಿತ್ತು," ಎನ್ನುತ್ತಾರೆ ಟೈರಕ್ಕ. "ಇನ್ನೂ ನಾಲ್ಕು ತಿರುವು ಮೇಲೆ ಹೋಗಿದ್ರೆ."

ಅಜ್ಜಿ ತಮ್ಮ ನೀರಿನ ಬಾಟಲಿಯಿಂದ ಟೈರಕ್ಕನ ಕೈ ಮೇಲೆ ನೀರು ಹಾಕಿ, ಸೆರಗಿನಿಂದ ಗೆಣ್ಣು ಒರೆಸುತ್ತಾರೆ. ಆಮೇಲೆ ಕಾರು ಹೊರಡುತ್ತದೆ. ಮೇಲಿನ ತಿರುವುಗಳಲ್ಲಿ ಒಮ್ಮೆ ಕಂಡು, ಒಮ್ಮೆ ಮರೆಯಾಗಿ, ಬೆಟ್ಟದ ನೆತ್ತಿ ದಾಟುವವರೆಗೂ ಟೈರಕ್ಕ ರಸ್ತೆ ಬದಿಯಲ್ಲೇ ನಿಂತಿರುತ್ತಾರೆ.

ಎಷ್ಟೋ ವರ್ಷಗಳಿಂದ ಎಷ್ಟೋ ಸಂಸಾರಗಳನ್ನು ಪ್ರಯಾಣಕ್ಕೆ ಕಳಿಸಿಕೊಟ್ಟ ಈ ಹೆಂಗಸಿನ ಆಸೆಯಾದರೂ ಏನು? ಕೇಳಿದರೆ ವ್ಯಾನಿನ ಬಾಗಿಲು ತೆಗೆಯುತ್ತಾ ಹೇಳುತ್ತಾರೆ: "ಟೈರ್ ಕೈಕೊಡದೆ ಊರು ಮುಟ್ಟಿದ ಮೇಲೆ ಯಾರೂ ಟೈರಿನವಳನ್ನ ನೆನೆಸ್ಕೊಳ್ಳಲ್ಲ. ನನ್ನ ಗಿರಾಕಿಗಳು ಎಲ್ರೂ ನನ್ನ ಮರೀಬೇಕು, ಅಷ್ಟೇ. ಇವತ್ತಿನೋರು ಮಾತ್ರ ಮರೆಯಲ್ಲ."